ಪೈಲಟ್ ಸಿಗರೇಟು ಬಿಡುವಾಗ ಮೊದಲ ಕೆಲವು ದಿನ ನೆಲದ ಮೇಲೇ ಕಳೆಯಲಿ

ಪ್ರಶ್ನೆ: ನನಗೆ 36 ವರ್ಷ. ಬೆಂಗಳೂರಿನಲ್ಲಿ ವಾಸ, ಏರ್‌ಬಸ್ ಎ320 ವಿಮಾನದ ಸಹಪೈಲಟ್. ತರಬೇತಿಯ ದಿನಗಳಿಂದ ಸಿಗರೇಟು ಸೇದುತ್ತಿದ್ದೇನೆ, ಈಗ ದಿನಕ್ಕೆ ಸುಮಾರು ಹದಿನೈದು. ಕಾಕ್‌ಪಿಟ್‌ನಲ್ಲಿ ಒಮ್ಮೆಯೂ ಸೇದಿಲ್ಲ. ಕಳೆದ ವರ್ಷ ಒಮ್ಮೆಗೇ ಬಿಟ್ಟೆ. ಎರಡನೆಯ ದಿನ ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ, ನಿದ್ದೆಯೂ ಇಲ್ಲ. ಮರುದಿನ ಡ್ಯೂಟಿ ಇದ್ದುದರಿಂದ ಹೆದರಿ ಮತ್ತೆ ಹಚ್ಚಿದೆ. ಒಬ್ಬ ಸಹೋದ್ಯೋಗಿ ಮಾತ್ರೆ ತಂದುಕೊಡುತ್ತೇನೆ ಎನ್ನುತ್ತಾರೆ, ಇನ್ನೊಬ್ಬರು ವೇಪ್ ಹಿಡಿ ಎನ್ನುತ್ತಾರೆ. ಹಾರಾಟಕ್ಕೆ ತೊಂದರೆಯಾಗದಂತೆ ಬಿಡುವುದು ಹೇಗೆ? ಮೆಡಿಕಲ್ ಪರೀಕ್ಷೆಯಲ್ಲಿ ಇದನ್ನೆಲ್ಲ ಹೇಳಿದರೆ ಲೈಸೆನ್ಸಿಗೆ ಕುತ್ತು ಬಂದೀತೇ?

ಉತ್ತರ: ಹೆದರಿ ಮತ್ತೆ ಹಚ್ಚಿದಿರಿ ಎಂದು ಬರೆದಿದ್ದೀರಿ. ಮಂಕು ಕವಿದ ತಲೆ ಇಟ್ಟುಕೊಂಡು ಡ್ಯೂಟಿಗೆ ಹೋಗಬಾರದು ಎಂದು ನಿಮಗೆ ಅನ್ನಿಸಿತಲ್ಲ, ಆ ಎಚ್ಚರ ಸರಿಯಾದದ್ದೇ. ಆದರೆ ಅದರ ಹಿಂದಿನ ಲೆಕ್ಕ ತಪ್ಪಿದೆ. ಸಿಗರೇಟು ಬಿಟ್ಟರೆ ಹಾರಾಟದ ನಡುವೆ ನಿಕೋಟಿನ್ ಕೊರತೆ ಕಾಡೀತು ಎಂಬುದು ನಿಮ್ಮ ಅಂಜಿಕೆ. ಆ ಕೊರತೆಯನ್ನು ನೀವು ಈಗಲೂ ಬಹುತೇಕ ಪ್ರತಿ ಸೆಕ್ಟರ್‌ನಲ್ಲಿ, ಅಂದರೆ ಒಂದು ಊರಿನಿಂದ ಇನ್ನೊಂದಕ್ಕೆ ಹಾರುವ ಪ್ರತಿ ಹಾರಾಟದಲ್ಲಿ, ಅನುಭವಿಸುತ್ತಲೇ ಇದ್ದೀರಿ.

ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧವಾಗುತ್ತದೆ. ಬೆಂಗಳೂರಿನಿಂದ ದೆಹಲಿಗೆ ಹೋಗುವ ದಿನವನ್ನೇ ನೋಡಿ. ಕೊನೆಯ ಸಿಗರೇಟು ಟರ್ಮಿನಲ್ ಒಳಗೆ ಹೋಗುವ ಮುನ್ನ ಸೇದಿರುತ್ತೀರಿ. ಆಮೇಲೆ ಉಸಿರಿನ ಪರೀಕ್ಷೆ, ಭದ್ರತಾ ತಪಾಸಣೆ, ಬ್ರೀಫಿಂಗ್, ವಿಮಾನದ ಸುತ್ತ ತಪಾಸಣೆ, ಪ್ರಯಾಣಿಕರು ಹತ್ತುವುದು; ಅದರ ಮೇಲೆ ಎರಡೂವರೆ ಗಂಟೆಗೂ ಮಿಕ್ಕ ಹಾರಾಟ. ದೆಹಲಿಯ ಹತ್ತಿರ ಇಳಿಯಲು ಆರಂಭಿಸುವ ಹೊತ್ತಿಗೆ ಕೊನೆಯ ಸಿಗರೇಟಿನಿಂದ ಬಂದ ನಿಕೋಟಿನ್‌ನಲ್ಲಿ ಕಾಲು ಭಾಗವೂ ಉಳಿದಿರುವುದು ಕಷ್ಟ. ಅಂದರೆ ಕೆಲಸ ಅತಿ ಹೆಚ್ಚು ಇರುವ, ರೇಡಿಯೊ ಬಿಡುವಿಲ್ಲದೆ ಮಾತಾಡುವ, ಮಂಜೋ ಮಳೆಯೋ ಇದ್ದರಂತೂ ಮೈಯೆಲ್ಲ ಕಣ್ಣಾಗಬೇಕಾದ ಹೊತ್ತಿಗೆ ಸರಿಯಾಗಿ ನಿಮ್ಮ ಮಿದುಳು ಮುಂದಿನ ಸಿಗರೇಟಿಗೆ ಹಪಹಪಿಸುತ್ತಿರುತ್ತದೆ. ವರ್ಷಗಳ ರೂಢಿಯಿಂದ ಅದು ನಿಮ್ಮ ಗಮನಕ್ಕೆ ಬರುತ್ತಿಲ್ಲ ಅಷ್ಟೆ. ಲ್ಯಾಂಡಿಂಗ್ ಆದ ಮೇಲೆ ಸೇದುವ ಸಿಗರೇಟಿಗೇ ಹೆಚ್ಚು ರುಚಿ ಎಂದು ಸೇದುವ ಪೈಲಟ್‌ಗಳು ಹೇಳುತ್ತಾರಲ್ಲ, ಆ ರುಚಿಗೆ ಕಾರಣವೂ ಇದೇ.

ಈ ಭಯ ನಿಮ್ಮೊಬ್ಬರದೂ ಅಲ್ಲ, ಇಂದಿನದೂ ಅಲ್ಲ. 1990ರಲ್ಲಿ ಅಮೆರಿಕ ತನ್ನ ಬಹುತೇಕ ದೇಶೀಯ ವಿಮಾನಗಳಲ್ಲಿ ಧೂಮಪಾನ ನಿಷೇಧಿಸಿದಾಗ ಕಾಕ್‌ಪಿಟ್‌ಗೆ ಮಾತ್ರ ವಿನಾಯಿತಿ ಉಳಿಸಿತ್ತು. ಹಳೆಯ ಚಟದ ಪೈಲಟ್‌ಗೆ ಹಾರಾಟದ ನಡುವೆ ನಿಕೋಟಿನ್ ಸಿಗದೆ ಹೋದರೆ ಸುರಕ್ಷತೆಗೆ ಧಕ್ಕೆ ಬಂದೀತು ಎಂಬುದೇ ಅಂದಿನ ವಾದ. ಇಂದು ಆ ವಿನಾಯಿತಿ ಇಲ್ಲ. ಆದರೂ ವಾದದಲ್ಲಿ ಸತ್ಯದ ಅಂಶವಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ನಿಕೋಟಿನ್ ತಪ್ಪಿದಾಗ ಏಕಾಗ್ರತೆ ಕುಗ್ಗುವುದು, ಸಿಡುಕು, ನಿದ್ದೆಗೇಡು ಎಲ್ಲವೂ ನಿಜ. ಕೆಲವು ಗಂಟೆಗಳಲ್ಲೇ ಆರಂಭವಾಗಿ ಎರಡನೆಯ ಅಥವಾ ಮೂರನೆಯ ದಿನ ತಾರಕಕ್ಕೇರಿ, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿದುಹೋಗುತ್ತವೆ. ನೀವು ಕಳೆದ ವರ್ಷ ಸೋತದ್ದು ಸರಿಯಾಗಿ ತಾರಕದ ದಿನ. ಇನ್ನೊಂದೆರಡು ದಿನ ರಜೆ ಇದ್ದಿದ್ದರೆ ಬಹುಶಃ ಈ ಪತ್ರ ಬರೆಯುತ್ತಲೇ ಇರಲಿಲ್ಲ.

ಇನ್ನು ಕಾರ್ಬನ್ ಮೊನಾಕ್ಸೈಡ್. ಶ್ವಾಸಕೋಶದ ಕ್ಯಾನ್ಸರು, ಹೃದಯಾಘಾತದ ಮಾತನ್ನು ಸಿಗರೇಟಿನ ಪೊಟ್ಟಣವೇ ಹೇಳುತ್ತದೆ; ಪೈಲಟ್‌ಗೆ ಅದಕ್ಕಿಂತ ಹತ್ತಿರದ ಅಪಾಯ ಈ ಅನಿಲದ್ದು. ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಸೇದದವರ ರಕ್ತದಲ್ಲಿ ಶೇ 1ರ ಆಸುಪಾಸಿನಲ್ಲಿರುವ ಕಾರ್ಬಾಕ್ಸಿಹಿಮೋಗ್ಲೋಬಿನ್ (ಈ ಅನಿಲವನ್ನು ಹೊತ್ತ ಹಿಮೋಗ್ಲೋಬಿನ್) ನಿಮ್ಮಂತೆ ಸೇದುವವರಲ್ಲಿ ಶೇ 5ರ ಹತ್ತಿರ, ಕೆಲವೊಮ್ಮೆ ಅದಕ್ಕಿಂತ ಮೇಲೆ ಇರುತ್ತದೆ. ಅಷ್ಟು ರಕ್ತ ಆಮ್ಲಜನಕ ಒಯ್ಯುವ ಕೆಲಸಕ್ಕಿಲ್ಲ. ವಿಮಾನ 36,000 ಅಡಿಯಲ್ಲಿರುವಾಗ ಒಳಗಿನ ಗಾಳಿಯ ಒತ್ತಡ ಆರೇಳು ಸಾವಿರ ಅಡಿ ಎತ್ತರದ ಗುಡ್ಡದ ಮೇಲಿನಷ್ಟಿರುತ್ತದೆ, 8,000 ಅಡಿಯವರೆಗೂ ಇರಬಹುದು. ನಿಮ್ಮ ಪಕ್ಕದ ಸೀಟಿನಲ್ಲಿರುವ, ಸೇದದ ಕ್ಯಾಪ್ಟನ್ ಆ ಎತ್ತರದಲ್ಲಿದ್ದಾರೆ. ಆಮ್ಲಜನಕದ ಲೆಕ್ಕದಲ್ಲಿ ನೀವು ಅವರಿಗಿಂತ ಇನ್ನೂ ಮೇಲಿದ್ದೀರಿ. ಇದರ ಪೆಟ್ಟು ಮೊದಲು ಬೀಳುವುದು ಕಣ್ಣಿನ ಅಕ್ಷಿಪಟಲಕ್ಕೆ, ಅದರಲ್ಲೂ ಮಂದ ಬೆಳಕಿನಲ್ಲಿ ನೋಡುವ ಜೀವಕೋಶಗಳಿಗೆ. ರಾತ್ರಿ ಹಾರಾಟಗಳಲ್ಲಿ ಇದರ ಬೆಲೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಒತ್ತಡ ಕುಸಿದ ಸಂದರ್ಭದಲ್ಲಿ 35,000 ಅಡಿಯಲ್ಲಿ ಆರೋಗ್ಯವಂತರಿಗೇ ಸರಿಯಾಗಿ ಕೆಲಸ ಮಾಡಬಲ್ಲಷ್ಟು ಎಚ್ಚರ ಉಳಿಯುವುದು 30ರಿಂದ 60 ಸೆಕೆಂಡು. ಆ ಸೆಕೆಂಡುಗಳಲ್ಲಿ ಒಂದನ್ನೂ ಸಿಗರೇಟಿಗೆ ಕೊಡುವಷ್ಟು ಶ್ರೀಮಂತರು ಯಾರೂ ಇಲ್ಲ.

ಅನೇಕ ಪೈಲಟ್‌ಗಳು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತೋರಿಸಿ, ‘ನೋಡಿ ಡಾಕ್ಟರೇ, 97 ಇದೆ’ ಎನ್ನುತ್ತಾರೆ. ಆ ಸಾಧಾರಣ ಯಂತ್ರಕ್ಕೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್‌ಗೂ ಕಾರ್ಬನ್ ಮೊನಾಕ್ಸೈಡ್ ಹೊತ್ತದ್ದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಎರಡನ್ನೂ ಸೇರಿಸಿ ತೋರಿಸುತ್ತದೆ. ಸೇದುವವರು ಆ ಅಂಕಿಯನ್ನು ನಂಬಬಾರದು. ಸಮಾಧಾನದ ಸಂಗತಿಯೆಂದರೆ ಈ ಅನಿಲ ಬೇಗ ಹೊರಟುಹೋಗುತ್ತದೆ. ನಾಲ್ಕೈದು ಗಂಟೆಗೊಮ್ಮೆ ಅರ್ಧವಾಗುತ್ತ, ಬಿಟ್ಟ ಒಂದೆರಡು ದಿನಗಳಲ್ಲಿ ಸೇದದವರ ಮಟ್ಟಕ್ಕೆ ಬರುತ್ತದೆ. ಸಿಗರೇಟು ಬಿಟ್ಟವರಲ್ಲಿ ಇಷ್ಟು ಬೇಗ ಲಾಭ ಕಾಣುವ ಉದ್ಯೋಗ ಪೈಲಟ್‌ನದು ಬಿಟ್ಟರೆ ಹೆಚ್ಚಿಲ್ಲ.

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ. ರೋಸ್ಟರ್ ನೋಡಿ ಒಂದು ವಾರದ ರಜೆ ಗೊತ್ತುಮಾಡಿಕೊಳ್ಳಿ. ಅಷ್ಟು ಸಿಗದಿದ್ದರೆ ಕನಿಷ್ಠ ನಾಲ್ಕೈದು ದಿನ. ರಜೆಯ ಮೊದಲ ದಿನವೇ ಬಿಡುವ ದಿನ. ಮೊದಲ 72 ಗಂಟೆ ನೀವು ಕಾಕ್‌ಪಿಟ್‌ನಲ್ಲಾಗಲಿ, ಸಿಮ್ಯುಲೇಟರ್ ಪರೀಕ್ಷೆಯಲ್ಲಾಗಲಿ ಇರಕೂಡದು. ಈ ಒಂದು ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಮನೆಯಲ್ಲಿ ಮದುವೆ, ಗೃಹಪ್ರವೇಶ ಇರುವ ವಾರವನ್ನೂ ಆರಿಸಬೇಡಿ. ನೆಂಟರ ನಡುವೆ ಸೇದುವವರು ಇದ್ದೇ ಇರುತ್ತಾರೆ.

ಬರಿಯ ಮನೋಬಲದ ಮೇಲೆ ಬಿಡಬೇಡಿ. ಯಾವ ಸಹಾಯವೂ ಇಲ್ಲದೆ ಬಿಡುವ ನೂರು ಜನರಲ್ಲಿ ವರ್ಷದ ನಂತರವೂ ಬಿಟ್ಟೇ ಇರುವವರು ಮೂರರಿಂದ ಐದು ಮಂದಿ. ನಿಕೋಟಿನ್ ಪ್ಯಾಚ್, ಗಮ್ ಅಥವಾ ಚಪ್ಪರಿಸುವ ಗುಳಿಗೆ ಬಳಸಿದರೆ ಗೆಲ್ಲುವ ಸಾಧ್ಯತೆ ಅರ್ಧದಷ್ಟು ಹೆಚ್ಚುತ್ತದೆ. ಪ್ಯಾಚ್ ಜೊತೆಗೆ ಗಮ್ ಅಥವಾ ಗುಳಿಗೆ ಸೇರಿಸಿದರೆ ಇನ್ನೂ ಹೆಚ್ಚು. ಪೈಲಟ್‌ಗೆ ನಾನು ಈ ಜೋಡಿಯನ್ನೇ ಹೇಳುತ್ತೇನೆ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವ ನಿಮಗೆ 21 ಮಿಲಿಗ್ರಾಂ ಪ್ಯಾಚ್‌ನಿಂದ ಆರಂಭ. ಆರು ವಾರ ಅದು, ಆಮೇಲೆ 14, ಕೊನೆಗೆ 7, ತಲಾ ಎರಡೆರಡು ವಾರ. ಡಬ್ಬಿಯ ಮೇಲೆ ‘ಬೆಳಗ್ಗೆ ಹಚ್ಚಿ’ ಎಂದು ಬರೆದಿರುತ್ತದೆ. ನಡುರಾತ್ರಿ ಎರಡಕ್ಕೆ ಎದ್ದು ಪಿಕಪ್ ವಾಹನಕ್ಕೆ ಕಾಯುವವರಿಗೆ ಬೆಳಗ್ಗೆ ಯಾವುದು? ನೀವು ಎದ್ದ ಗಳಿಗೆಯೇ ಬೆಳಗ್ಗೆ ಎಂದಿಟ್ಟುಕೊಳ್ಳಿ. ಪ್ಯಾಚ್ ಪೂರ್ತಿ ಕೆಲಸ ಆರಂಭಿಸಲು ಕೆಲವು ಗಂಟೆ ಬೇಕು, ಆದ್ದರಿಂದ ಏಳುತ್ತಲೇ ಹಚ್ಚಿ. ಕನಸುಗಳು ವಿಪರೀತವಾಗಿ ನಿದ್ದೆ ಕೆಟ್ಟರೆ ಮಲಗುವ ಮುನ್ನ ಕಿತ್ತು ಹಾಕಿ. ಅದು ಹಗಲೋ ರಾತ್ರಿಯೋ ಎಂಬುದು ಮುಖ್ಯವಲ್ಲ.

ಗಮ್‌ನ ಪ್ರಮಾಣಕ್ಕೆ ಒಂದು ಸರಳ ಅಳತೆ ಇದೆ. ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೇ ಬೇಕು ಎನ್ನುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2. ಇದನ್ನು ಚೂಯಿಂಗ್ ಗಮ್ ಹಾಗೆ ಜಗಿಯಬಾರದು. ಖಾರದ ರುಚಿ ಬರುವವರೆಗೆ ಮೆಲ್ಲಗೆ ಜಗಿದು, ಕೆನ್ನೆಯ ಒಳಬದಿಗೆ ಒತ್ತಿಟ್ಟುಕೊಳ್ಳಬೇಕು. ರುಚಿ ಹೋದಾಗ ಮತ್ತೆ ನಾಲ್ಕು ಬಾರಿ ಜಗಿಯಬೇಕು. ಒಂದೇ ಸಮನೆ ಜಗಿದರೆ ನಿಕೋಟಿನ್ ಹೊಟ್ಟೆಗೆ ಇಳಿದು ಬಿಕ್ಕಳಿಕೆ, ಓಕರಿಕೆ. ಕಾಫಿ ಕುಡಿದ ಹದಿನೈದು ನಿಮಿಷ ಬಾಯಿಗೆ ಹಾಕಬೇಡಿ, ಆಮ್ಲದ ಅಂಶವಿದ್ದರೆ ಬಾಯಿಯೊಳಗೆ ನಿಕೋಟಿನ್ ಹೀರಿಕೆಯಾಗುವುದಿಲ್ಲ. ಗಮ್‌ನಿಂದ ನಿಕೋಟಿನ್ ರಕ್ತಕ್ಕೆ ಸೇರಲು ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ಹಾಗಾಗಿ ಡ್ಯೂಟಿಗೆ ಮರಳಿದ ಮೇಲೆ ಇಳಿಯುವಿಕೆ ಆರಂಭವಾಗುವ ಅರ್ಧ ಗಂಟೆ ಮೊದಲು, ವಿಮಾನ ಕ್ರೂಸ್‌ನಲ್ಲಿ, ಅಂದರೆ ಎತ್ತರದಲ್ಲಿ ಸಮನಾಗಿ ಹಾರುತ್ತಿರುವಾಗಲೇ, ಹಾಕಿಕೊಂಡು ಮುಗಿಸಿಬಿಡಿ. ಹತ್ತು ಸಾವಿರ ಅಡಿಯ ಕೆಳಗೆ ಬಾಯಲ್ಲಿ ಏನೂ ಇರಬಾರದು. ರೇಡಿಯೊ ಮಾತಿಗೆ ಅಡ್ಡಿ, ಬಿಕ್ಕಳಿಕೆ ಬಂದರಂತೂ ಮುಜುಗರ.

ಇವುಗಳಲ್ಲಿ ಯಾವುದನ್ನೂ ಮೊದಲ ಬಾರಿಗೆ ಡ್ಯೂಟಿಯ ದಿನ ಬಳಸಬೇಡಿ. ರಜೆಯ ದಿನಗಳಲ್ಲಿ ಬಳಸಿ, ತಲೆಸುತ್ತು, ಎದೆ ಬಡಿತ, ಚರ್ಮದ ತುರಿಕೆ ಇಲ್ಲವೆಂದು ಖಚಿತಪಡಿಸಿಕೊಂಡೇ ಮರಳಿ. ಪ್ಯಾಚ್ ಇದ್ದಾಗ ಒಂದು ಸಿಗರೇಟು ಸೇದಿಬಿಟ್ಟರೆ ಹೃದಯ ನಿಂತೇಹೋಗುತ್ತದೆ ಎಂಬ ಮಾತು ಕ್ರೂ ರೂಮ್‌ಗಳಲ್ಲಿ ಚಾಲ್ತಿಯಲ್ಲಿದೆ. ಅದು ಸುಳ್ಳು. ಆ ಭಯಕ್ಕೆ ಪ್ಯಾಚ್ ಕಿತ್ತೆಸೆದು ಪೂರ್ತಿ ಸಿಗರೇಟಿಗೆ ಮರಳಿದವರು ಬಹಳ. ಜಾರಿದರೆ ಪ್ಯಾಚ್ ಇರಲಿ, ಸಿಗರೇಟನ್ನು ಮಾತ್ರ ಬಿಸಾಡಿ.

ಸಹೋದ್ಯೋಗಿ ತಂದುಕೊಡುವ ಮಾತ್ರೆಗೆ ಕೈ ಚಾಚಬೇಡಿ. ಅದು ವರೆನಿಕ್ಲಿನ್ ಇರಬಹುದು ಅಥವಾ ಬುಪ್ರೊಪಿಯಾನ್. ಎರಡೂ ಒಳ್ಳೆಯ ಔಷಧಿಗಳೇ, ಬೇರೆ ಉದ್ಯೋಗದವರಿಗೆ ನಾನೇ ಬರೆದುಕೊಡುತ್ತೇನೆ. ಆದರೆ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ 2008ರ ಮೇ ತಿಂಗಳಲ್ಲೇ ವರೆನಿಕ್ಲಿನ್ ಅನ್ನು ಪೈಲಟ್‌ಗಳಿಗೂ ವಾಯು ಸಂಚಾರ ನಿಯಂತ್ರಕರಿಗೂ ನಿಷೇಧಿಸಿತು. ಮುಂದೆ ಎಂಟು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು ಮನಸ್ಸಿನ ಮೇಲಿನ ದುಷ್ಪರಿಣಾಮದ ಬಗ್ಗೆ ಇದ್ದ ಆತಂಕವನ್ನು ಬಹಳಷ್ಟು ಕಡಿಮೆ ಮಾಡಿತು. 2016ರ ಡಿಸೆಂಬರಿನಲ್ಲಿ ಅಲ್ಲಿನ ಔಷಧ ನಿಯಂತ್ರಕರು ಪೊಟ್ಟಣದ ಮೇಲಿನ ಅತಿ ಕಟುವಾದ ಎಚ್ಚರಿಕೆಯನ್ನು ತೆಗೆಸಿದರು. ಆದರೂ ಓಕರಿಕೆ, ನಿದ್ದೆಗೇಡು, ಅಪರೂಪಕ್ಕೆ ಮೂರ್ಛೆ (ಫಿಟ್ಸ್) ಎಂಬ ಸಾಲು ಉಳಿದೇ ಇದೆ. ಬುಪ್ರೊಪಿಯಾನ್‌ನಲ್ಲಿ ಸುಮಾರು ಸಾವಿರಕ್ಕೊಬ್ಬರಿಗೆ ಮೂರ್ಛೆ ಬರುವ ಸಾಧ್ಯತೆ ಇದೆ. ಕಚೇರಿಯಲ್ಲಿ ಕೂತವರಿಗೆ ಅದು ಸಣ್ಣ ಅಪಾಯ. ಇಬ್ಬರೇ ಇರುವ ಕಾಕ್‌ಪಿಟ್‌ನಲ್ಲಿ ಅಲ್ಲ. ಪ್ಯಾಚ್ ಮತ್ತು ಗಮ್ ಎರಡೂ ಸೋತರೆ ಮಾತ್ರ, ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಮಾನ್ಯತೆ ಪಡೆದ ವೈದ್ಯರಿಗೆ ತಿಳಿಸಿ, ಹಾರಾಟದಿಂದ ದೂರ ಉಳಿಯುವ ಅವಧಿಯನ್ನು ಮೊದಲೇ ನಿಗದಿಪಡಿಸಿಕೊಂಡು ಮಾತ್ರೆಯ ಯೋಚನೆ ಮಾಡಬಹುದು. ಗುಟ್ಟಾಗಿ ನುಂಗುವುದು ಎಂದಿಗೂ ಸಲ್ಲ.

ವೇಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2019ರ ಕಾಯ್ದೆಯ ಪ್ರಕಾರ ಭಾರತದಲ್ಲಿ ಇ-ಸಿಗರೇಟಿನ ತಯಾರಿಕೆ, ಆಮದು, ಸಾಗಣೆ, ಮಾರಾಟ ಎಲ್ಲವೂ ಅಪರಾಧ. ದುಬೈ ಲೇಓವರ್‌ನಿಂದ (ಡ್ಯೂಟಿಯ ನಡುವೆ ಹೊರ ಊರಿನಲ್ಲಿ ತಂಗುವುದು) ಚೀಲದಲ್ಲಿ ತರುವುದೂ ಇದರಲ್ಲಿ ಬರುತ್ತದೆ. ಅದು ಕಾಕ್‌ಪಿಟ್ ಸೇರಿದರೆ ಏನಾಗಬಹುದು ಎಂಬುದಕ್ಕೆ 2018ರ ಜುಲೈ 10ರಂದು ಹಾಂಗ್‌ಕಾಂಗ್‌ನಿಂದ ಡಾಲಿಯಾನ್‌ಗೆ ಹೊರಟಿದ್ದ ಏರ್ ಚೈನಾ ಬೋಯಿಂಗ್ 737 ಸಾಕ್ಷಿ. ಸಹಪೈಲಟ್ ಇ-ಸಿಗರೇಟು ಸೇದುತ್ತ, ಅದರ ಹಬೆ ಪ್ರಯಾಣಿಕರತ್ತ ಹೋಗದಿರಲೆಂದು ಗಾಳಿ ಮರುಚಲಿಸುವ ಫ್ಯಾನನ್ನು ಆರಿಸಲು ಹೋದರು. ಕ್ಯಾಪ್ಟನ್‌ಗೆ ಹೇಳಲಿಲ್ಲ. ಕೈ ಪಕ್ಕದ ಸ್ವಿಚ್‌ಗಳ ಮೇಲೆ ಬಿದ್ದು ಒಳಗಿನ ಗಾಳಿಯ ಒತ್ತಡವನ್ನೂ ಕಾಯುವ ಹವಾನಿಯಂತ್ರಣದ ಪ್ಯಾಕ್‌ಗಳು (ಘಟಕಗಳು) ನಿಂತವು. ಒತ್ತಡ ಕುಸಿದ ಎಚ್ಚರಿಕೆ ಮೊಳಗಿತು, ಪ್ರಯಾಣಿಕರ ಮುಂದೆ ಆಮ್ಲಜನಕದ ಮುಖವಾಡಗಳು ಇಳಿಬಿದ್ದವು, ವಿಮಾನ ತುರ್ತಾಗಿ ಕೆಳಗಿಳಿಯಿತು. 153 ಪ್ರಯಾಣಿಕರು ಪಾರಾದರು. ನನಗೆ ಆ ಘಟನೆಯಲ್ಲಿ ಹೆಚ್ಚು ಕಾಡುವುದು ‘ಹೇಳಲಿಲ್ಲ’ ಎಂಬ ಅಂಶ. ಚಟವನ್ನು ಬಚ್ಚಿಡುವ ಅಭ್ಯಾಸ ಬೆಳೆದವರು ಕಾಕ್‌ಪಿಟ್‌ನಲ್ಲಿಯೂ ಮಾತು ಬಚ್ಚಿಡುತ್ತಾರೆ.

ಭಾರತದ ಪೈಲಟ್‌ಗೆ ಮಾತ್ರ ಎದುರಾಗುವ ಕೆಲವು ತೊಡಕುಗಳನ್ನು ಇಲ್ಲಿ ಹೇಳಲೇಬೇಕು, ಸಾಮಾನ್ಯ ವೈದ್ಯರು ಇವನ್ನು ಹೇಳುವುದಿಲ್ಲ. ನಮ್ಮಲ್ಲಿ ಡ್ಯೂಟಿಗೆ ಮುನ್ನ ಉಸಿರಿನ ಮದ್ಯ ಪರೀಕ್ಷೆ ಇದೆ. ಮದ್ಯಸಾರ ಇರುವ ಮೌತ್‌ವಾಶ್, ಹಲ್ಲಿನ ಜೆಲ್ ಕೂಡ ಬಳಸಬಾರದೆಂದು ಡಿಜಿಸಿಎ 2023ರಲ್ಲಿ ನಿಯಮ ಬಿಗಿ ಮಾಡಿತು. ವಿದೇಶದಲ್ಲಿ ಸಿಗುವ ಬಾಯಿಗೆ ಸಿಂಪಡಿಸುವ ನಿಕೋಟಿನ್ ಸ್ಪ್ರೇಗಳಲ್ಲಿ ಸ್ವಲ್ಪ ಎಥನಾಲ್ ಇರುತ್ತದೆ. ಬೇರೆ ಯಾರಿಗಾದರೂ ಒಳ್ಳೆಯದಾದ ಆ ಸ್ಪ್ರೇ ನಿಮಗೆ ಬೇಡ. ಸಿಗರೇಟು ಬಿಡಿಸುತ್ತದೆಂದು ಕೊಡುವ ಹನಿ ಔಷಧಿಗಳು, ಟಿಂಚರ್‌ಗಳು, ಅರಿಷ್ಟಗಳೂ ಬೇಡ.

ಇನ್ನೊಂದು ತೊಡಕು ಕೆಮ್ಮು. ಬಿಟ್ಟ ಮೊದಲ ವಾರಗಳಲ್ಲಿ ಶ್ವಾಸನಾಳದ ಸೂಕ್ಷ್ಮ ರೋಮಗಳು ಮತ್ತೆ ಕೆಲಸಕ್ಕಿಳಿದು ಕಫವನ್ನು ಮೇಲೆ ತಳ್ಳತೊಡಗುತ್ತವೆ, ಕೆಮ್ಮು ಹೆಚ್ಚುತ್ತದೆ. ಔಷಧಿ ಅಂಗಡಿಗೆ ಹೋಗಿ ಸಿರಪ್ ಕೇಳುತ್ತೀರಿ. ಅದರಲ್ಲಿ ಕೊಡೀನ್ ಇದ್ದರೆ, 2022ರಿಂದ ಜಾರಿಯಲ್ಲಿರುವ ಮಾದಕ ದ್ರವ್ಯ ಪರೀಕ್ಷೆಯಲ್ಲಿ ಅಫೀಮು ವರ್ಗದ ಫಲಿತಾಂಶ ಬರುತ್ತದೆ. ನಿದ್ದೆ ಬರಲೆಂದು ಯಾರೋ ಕೊಟ್ಟ ಬೆಂಜೊಡಯಜಪೀನ್ ಗುಳಿಗೆಯೂ ಅದೇ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಸಿಗರೇಟು ಬಿಡಲು ಹೋಗಿ ಲೈಸೆನ್ಸ್ ಕಳೆದುಕೊಳ್ಳುವುದು ಎಂದರೆ ಇದು. ಕೆಮ್ಮಿಗೆ ಬಿಸಿನೀರಿನ ಹಬೆ, ಜೇನು, ಉಪ್ಪುನೀರಿನ ಬಾಯಿ ಮುಕ್ಕಳಿಕೆ ಸಾಕು. ಮೂಗು, ಕಿವಿ ಕಟ್ಟಿಕೊಂಡಿದ್ದರೆ ಮಾತ್ರ ಹಾರಬೇಡಿ. ತಿಂಗಳೆರಡರಲ್ಲಿ ಇಳಿಯುವಾಗಿನ ಕಿವಿನೋವು ಮೊದಲಿಗಿಂತ ಕಡಿಮೆಯಾಗಿರುವುದನ್ನು ನೀವೇ ಗಮನಿಸಬಹುದು, ಏಕೆಂದರೆ ಮೂಗಿನಿಂದ ಕಿವಿಗೆ ಹೋಗುವ ನಳಿಕೆಯನ್ನು ಊದಿಸಿಟ್ಟಿದ್ದುದು ಹೊಗೆಯೇ.

ಕಾಫಿಯನ್ನು ಬಿಡುವ ದಿನದಿಂದಲೇ ಅರ್ಧಕ್ಕಿಳಿಸಿ. ಹೊಗೆಯಲ್ಲಿನ ರಾಸಾಯನಿಕಗಳು ಯಕೃತ್ತಿನಲ್ಲಿ ಕೆಫೀನ್ ಕರಗಿಸುವ ಕಿಣ್ವವನ್ನು ಚುರುಕುಗೊಳಿಸಿಟ್ಟಿರುತ್ತವೆ. ಸಿಗರೇಟು ನಿಂತಾಗ ಆ ಕಿಣ್ವ ನಿಧಾನಿಸಿ, ಅಷ್ಟೇ ಕಾಫಿಗೆ ರಕ್ತದಲ್ಲಿನ ಕೆಫೀನ್ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕೈ ನಡುಕ, ಎದೆ ಡವಡವ, ನಿದ್ದೆ ಇಲ್ಲದಿರುವುದು ಎಲ್ಲವನ್ನೂ ನಿಕೋಟಿನ್ ಕೊರತೆಯ ಖಾತೆಗೆ ಬರೆದು ಜನ ಸೋಲುತ್ತಾರೆ. ಅರ್ಧ ಪಾಲು ಫಿಲ್ಟರ್ ಕಾಫಿಯದು. ಕಳೆದ ವರ್ಷದ ನಿಮ್ಮ ಎರಡನೆಯ ದಿನದಲ್ಲೂ ಅದರ ಪಾತ್ರ ಇದ್ದಿರಬಹುದು. ಬೇಕರಿ ಮುಂದೆ ನಿಂತು ಕಾಫಿ ಜೊತೆ ಬಿಡಿ ಸಿಗರೇಟು ಕೊಳ್ಳುವ ಅಭ್ಯಾಸವಿದ್ದರೆ, ಕೆಲವು ವಾರ ಕಾಫಿಯನ್ನು ಮನೆಯಲ್ಲೇ ಕುಡಿಯಿರಿ.

ಮೆಡಿಕಲ್‌ನಲ್ಲಿ ಹೇಳಿ. ಧೂಮಪಾನ ಮಾಡುತ್ತಾರೆಂಬ ಒಂದೇ ಕಾರಣಕ್ಕೆ ಯಾರನ್ನೂ ಅನರ್ಹಗೊಳಿಸುವುದಿಲ್ಲ. ಬಿಡುತ್ತಿದ್ದೇನೆ ಎಂದವರನ್ನು ಅನರ್ಹಗೊಳಿಸುವುದು ದೂರದ ಮಾತು. ವಾಯುವೈದ್ಯಶಾಸ್ತ್ರದಲ್ಲಿ ‘ಶೇ 1ರ ನಿಯಮ’ ಎಂದು ಒಂದಿದೆ: ಇಬ್ಬರು ಪೈಲಟ್‌ಗಳ ವಿಮಾನದಲ್ಲಿ ಒಬ್ಬರು ಹಠಾತ್ತನೆ ಅಸಮರ್ಥರಾಗುವ ಸಾಧ್ಯತೆ ವರ್ಷಕ್ಕೆ ಶೇ 1ನ್ನು ಮೀರಬಾರದು ಎಂಬುದು. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಜೊತೆಗೆ ಆ ಲೆಕ್ಕವನ್ನು ಮೇಲಕ್ಕೆ ಎಳೆಯುವುದರಲ್ಲಿ ತಂಬಾಕಿಗೆ ದೊಡ್ಡ ಪಾಲಿದೆ. ಬಿಟ್ಟು ಒಂದು ವರ್ಷವಾಗುವ ಹೊತ್ತಿಗೆ ಸಿಗರೇಟಿನಿಂದ ಬಂದ ಹೆಚ್ಚುವರಿ ಹೃದ್ರೋಗದ ಅಪಾಯ ಅರ್ಧಕ್ಕಿಳಿದಿರುತ್ತದೆ. ಅಂದರೆ ಬಿಡುವುದು ನಿಮ್ಮ ಲೈಸೆನ್ಸಿನ ಆಯುಷ್ಯವನ್ನೇ ಹೆಚ್ಚಿಸುತ್ತದೆ. ಬಳಸುತ್ತಿರುವ ಪ್ಯಾಚ್, ಗಮ್ ಎರಡನ್ನೂ ಅರ್ಜಿಯಲ್ಲಿ ಬರೆಯಿರಿ. ಹತ್ತಿರದಲ್ಲೇ ಓಲ್ಡ್ ಏರ್‌ಪೋರ್ಟ್ ರಸ್ತೆಯಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ಅಲ್ಲಿನ ವೈದ್ಯರು ಇಂಥ ಪ್ರಶ್ನೆಗಳನ್ನು ಕೇಳಿಸಿಕೊಂಡವರೇ.

ತೂಕ ಏರುತ್ತದೆ. ಬಿಟ್ಟ ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ. ಹೋಟೆಲ್ ಉಪಾಹಾರ, ವಿಮಾನದ ಊಟ, ಹೊತ್ತಲ್ಲದ ಹೊತ್ತಿನ ತಿಂಡಿಯ ಬದುಕಿನಲ್ಲಿ ಅದು ಇನ್ನೂ ಸುಲಭ. ಚೀಲದಲ್ಲಿ ಹುರಿಗಡಲೆ, ಸೌತೆಕಾಯಿ ಇಟ್ಟುಕೊಳ್ಳಿ, ಲೇಓವರ್‌ನಲ್ಲಿ ಅರ್ಧ ಗಂಟೆ ವೇಗವಾಗಿ ನಡೆಯಿರಿ. ಆದರೆ ಮೊದಲ ಮೂರು ತಿಂಗಳು ಡಯಟ್ ಎಂದು ಪ್ರತ್ಯೇಕ ಯುದ್ಧ ಹೂಡಬೇಡಿ. ಸಿಗರೇಟು ಒಂದೇ ಸಾಕು.

ಲೇಓವರ್ ಸಂಜೆಗಳ ಬಗ್ಗೆ ಜಾಗರೂಕರಾಗಿರಿ. ಹೋಟೆಲ್ ಬಾಗಿಲ ಹೊರಗೆ ಸೇದುವವರ ಗುಂಪು, ಒಂದೆರಡು ಪೆಗ್; ಹೆಚ್ಚಿನವರು ಮರಳುವುದು ಅಲ್ಲಿಯೇ. ಒಂದೊಂದು ತುಡಿತದ ಅವಧಿ ಮೂರರಿಂದ ಐದು ನಿಮಿಷ, ಅಷ್ಟು ಹೊತ್ತು ಗುಳಿಗೆ ಬಾಯಲ್ಲಿಟ್ಟುಕೊಂಡು ಆ ಜಾಗದಿಂದ ಎದ್ದು ಹೋಗಿ. ಮೊದಲ ತಿಂಗಳು ಮದ್ಯವನ್ನು ಪೂರ್ತಿ ದೂರವಿಡಿ ಎಂಬುದು ನನ್ನ ಸಲಹೆ. ನಿಮ್ಮೊಡನೆ ಹಾರುವ ಕ್ಯಾಪ್ಟನ್‌ಗೆ ಬ್ರೀಫಿಂಗ್‌ನಲ್ಲೇ ‘ಸಿಗರೇಟು ಬಿಟ್ಟು ಹತ್ತನೆಯ ದಿನ, ಸಿಡುಕಿದರೆ ಎಚ್ಚರಿಸಿ ಸರ್’ ಎಂದು ಹೇಳಿಬಿಡಿ. ಇದರಲ್ಲಿ ನಾಚಿಕೆಯ ಮಾತಿಲ್ಲ. ಡ್ಯೂಟಿಯ ದಿನ ಎದ್ದಾಗ ತಲೆ ಮಂಕಾಗಿದೆ, ನಿದ್ದೆ ಆಗಿಲ್ಲ ಎನ್ನಿಸಿದರೆ ಅನ್‌ಫಿಟ್ ಎಂದು ತಿಳಿಸಿ ಮನೆಯಲ್ಲಿರಿ, ಕಳೆದ ವರ್ಷದ ಹಾಗೆ ಸಿಗರೇಟು ಹಚ್ಚಿ ಹೋಗಬೇಡಿ.

ಕನ್ನಡದಲ್ಲೇ ಮಾತಾಡಿ ನೆರವಾಗುವ ಸಲಹೆಗಾರರು ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್‌ನಲ್ಲಿ ಸಿಗುತ್ತಾರೆ. ಶುಲ್ಕವಿಲ್ಲದ ಸಂಖ್ಯೆ 1800-11-2356; ನಿಮ್ಹಾನ್ಸ್‌ನಲ್ಲಿಯೂ ಇದರ ಕೇಂದ್ರವಿದೆ. ಬಿಡುವ ದಿನಕ್ಕೆ ಒಂದು ವಾರ ಮೊದಲು ಕರೆ ಮಾಡಿ, ಅವರೇ ಮತ್ತೆ ಮತ್ತೆ ಕರೆದು ವಿಚಾರಿಸುತ್ತಾರೆ. ನಾಲ್ಕು ವಾರ ಕಳೆದ ಮೇಲೂ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲವೆನಿಸಿದರೆ ಅದನ್ನು ನಿಕೋಟಿನ್ ತಲೆಗೆ ಕಟ್ಟಬೇಡಿ. ಅದಕ್ಕೆ ಬೇರೆ ಪರೀಕ್ಷೆ ಬೇಕು. ಆಗ ಹಾರಾಟ ನಿಲ್ಲಿಸಿ ನೇರವಾಗಿ ನಿಮ್ಮ ಸಂಸ್ಥೆಯ ವೈದ್ಯರ ಬಳಿಗೆ ಹೋಗಿ.